ಮಸ್ಕತ್‌ಗೆ ಹೋದ ಹೆಡ್ಡಮ್ಮ

ನನ್ನ ಪತ್ತೇದಾರಿಗೆ ಅರವತ್ತೊಂದು ವರ್ಷ. ಹೆಂಗಸು. ಮಂಡಿನೋವು ಬೇರೆ. ಬಸ್ಸು ಹತ್ತುವಾಗ ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಲ್ಲಿ ಮಂಡಿ ಒತ್ತಿಕೊಂಡು, ಒಂದು ಸಲ "ಶಿವನೇ" ಅಂದ ಮೇಲೆಯೇ ಕಾಲು ಎತ್ತಿ ಇಡುವವಳು. ಊರು ಟಿ. ನರಸೀಪುರ. ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತಿಯಾದವಳು. ಈ ಹೆಂಗಸು ವಿಮಾನ ಹತ್ತಿ ಮಸ್ಕತ್‌ಗೆ ಹೋಗಿ, ಇಪ್ಪತ್ತೆರಡು ವರ್ಷದ ಹಿಂದೆ ತಪ್ಪಿಸಿಕೊಂಡು ಹೋದವನನ್ನು ಹಿಡಿಯುತ್ತಾಳೆ. ಇಷ್ಟೇ ನನ್ನ ಕಾದಂಬರಿ.

"ಇದನ್ನ ಯಾರಮ್ಮ ನಂಬ್ತಾರೆ?" ಅಂತ ಮೈಸೂರಿನ ಪ್ರಕಾಶಕರು ಫೋನಿನಲ್ಲಿ ಕೇಳಿದಾಗ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕಥೆ ಚೆನ್ನಾಗಿದೆಯಂತೆ, ಭಾಷೆ ಚೆನ್ನಾಗಿದೆಯಂತೆ. ಎರಡೇ ಎರಡು ಬದಲಾವಣೆ ಮಾಡಿಕೊಟ್ಟರೆ ಅಚ್ಚು ಹಾಕುತ್ತಾರಂತೆ. ಒಂದು, ಪತ್ತೇದಾರಿ ಬೆಂಗಳೂರಿನ ಯುವಕನಾಗಬೇಕು. ಎರಡು, ಅವಳು ಶತ್ರುವನ್ನು ಗುರುತು ಹಿಡಿಯುವ ರೀತಿ ಬದಲಾಗಬೇಕು.

"ಊಟ ಮಾಡೋದನ್ನ ನೋಡಿ ಯಾರಾದ್ರೂ ಕೊಲೆಗಾರನ್ನ ಕಂಡುಹಿಡೀತಾರಾ? ಕೆನ್ನೆ ಮೇಲೆ ಒಂದು ಗಾಯದ ಗುರುತು ಇಟ್ಟುಬಿಡಿ, ಮುಗೀತು" ಅಂದರು.

ಫೋನು ಇಟ್ಟೆ. ಹಸು ಬಾಲ ಬೀಸಿ ಮುಖಕ್ಕೊಂದು ಕೊಟ್ಟಿತು.

ಈ ಕಾದಂಬರಿಗೆ ನಾನು ಮೂರು ವರ್ಷ ಹಾಕಿದ್ದೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷದಿಂದ ಮಕ್ಕಳ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಏನೇನೋ ಗೀಚಿದ್ದೆ. ಹೊಟ್ಟೆಯೊಳಗೆ ಒಂದು ಆಸೆ ಇತ್ತು: ನನ್ನ ಹೆಸರು ಹೊತ್ತ ಒಂದು ಪುಸ್ತಕ, ನಾನು ಹೇಳಿದ ಹಾಗೇ, ಸಾಯುವುದರೊಳಗೆ ಕೈಯಲ್ಲಿ ಹಿಡಿಯಬೇಕು. ಆ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಈಗ ಅದು ಬಾಗಿಲವರೆಗೂ ಬಂದು, ಚಪ್ಪಲಿ ಬಿಟ್ಟು ಒಳಗೆ ಬರಬೇಕಾದರೆ ಎರಡು ಷರತ್ತು ಅನ್ನುತ್ತಿತ್ತು.

ನಾನು ಹುಟ್ಟಿದ್ದು ಮೂಗೂರು ಕಡೆ. ಕೊಟ್ಟಿದ್ದು ನಂಜನಗೂಡು ತಾಲ್ಲೂಕಿಗೆ, ಹದಿನಾರು ಅನ್ನುವ ಊರಿನ ಪಕ್ಕದ ಹಳ್ಳಿಗೆ. ಮಾತು ಕಲಿತದ್ದು ಅಜ್ಜಿಯಿಂದ. ಅವಳು ಅವರೆಕಾಳು ಹಿದುಕುತ್ತಾ ಕಥೆ ಹೇಳುವಳು. ಕಳ್ಳ ಗೋಡೆ ಹಾರುವ ಹೊತ್ತಿಗೆ ಸರಿಯಾಗಿ "ಕಾಳು ತತ್ತಾ ಇನ್ನೊಂದು ಸೇರು" ಅನ್ನುವಳು. ತಂದುಕೊಡುವವರೆಗೂ ಕಳ್ಳ ಗೋಡೆಯ ಮೇಲೇ ಕೂತಿರಬೇಕು. ಮದುವೆಯಾಗಿ ಬಂದ ಮೇಲೆ ನಮ್ಮ ಮಾವನವರು. ಅವರು ಪೇಪರಿನ ಕೊಲೆ ಸುಲಿಗೆ ಸುದ್ದಿಗಳನ್ನು ಜಗಲಿ ಮೇಲೆ ಕೂತು ಜೋರಾಗಿ ಓದಿ, ಪೊಲೀಸರು ಎಲ್ಲಿ ತಪ್ಪಿದರು ಅಂತ ತಾವೇ ತೀರ್ಪು ಹೇಳುವವರು. ಈ ಇಬ್ಬರ ನಡುವೆ ನಾನು ಬೇರೆ ಏನು ಬರೆಯಲು ಸಾಧ್ಯವಿತ್ತು?

ಬರೆದದ್ದು ಮನೆಯಲ್ಲಾದರೂ ಕಥೆ ಬೆಳೆದದ್ದು ಡೈರಿಯ ಸಾಲಿನಲ್ಲಿ. ನಮ್ಮೂರ ಡೈರಿಗೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಹೆಂಗಸರದ್ದೇ ಸಾಲು. ಕ್ಯಾನು ನೆಲದ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ನಿಂತರೆ ಹಾಲು ಅಳೆದು ಮೆಷಿನ್ನು ಫ್ಯಾಟು ತೋರಿಸುವವರೆಗೂ ಕೆಲಸವಿಲ್ಲ. ಹಿಂದಿನ ದಿನ ಬರೆದದ್ದನ್ನು ಅಲ್ಲಿ ಹೇಳುತ್ತಿದ್ದೆ. ಕೇಳುವವರು ಸುಮ್ಮನೆ ಕೇಳುವ ಜಾತಿಯಲ್ಲ.

"ಇಷ್ಟು ಬಿರ್ನೆ ವಿಮಾನ ಹತ್ತುಸ್ಬುಟ್ಯಲ್ಲ, ಪಾಸ್‌ಪೋಲ್ಟು ಯಾರು ಮಾಡ್ಸಿದ್ರು ಎಡ್ಡಮ್ಮಂಗೆ?" ಅಂತ ಒಬ್ಬಳು. ಹೆಡ್ ಕಾನ್‌ಸ್ಟೇಬಲ್ ಅನ್ನುವುದು ಅವರ ಬಾಯಲ್ಲಿ ಮೊದಲ ದಿನವೇ ಎಡ್ಡಮ್ಮ ಆಗಿತ್ತು. ನಾನೂ ಹೆಡ್ಡಮ್ಮ ಅಂತಲೇ ಬರೆದುಕೊಂಡೆ. ಮನೆಗೆ ಹೋಗಿ ಪಾಸ್‌ಪೋರ್ಟಿಗೆ ಒಂದು ಅಧ್ಯಾಯ ಸೇರಿಸಿದೆ.

ಪರದೇಶದ ವಿಚಾರಕ್ಕೆ ನನ್ನ ಮೈದುನ ಇದ್ದ. ಮಸ್ಕತ್‌ನಲ್ಲಿ ಒಂಬತ್ತು ವರ್ಷ ಎ.ಸಿ. ರಿಪೇರಿ ಮಾಡಿ ಬಂದವನು. ಬೋಳು ಬೆಟ್ಟ, ಬಿಳಿ ಮನೆ, ಮಧ್ಯಾಹ್ನ ಮುಚ್ಚುವ ಅಂಗಡಿ, ಶುಕ್ರವಾರದ ರಜೆ ಎಲ್ಲಾ ಅವನ ಕಣ್ಣಿಂದ ನೋಡಿದ್ದೇ. ಹೆಡ್ಡಮ್ಮ ಏರ್‌ಪೋರ್ಟಿನಿಂದ ಆಟೋ ಹಿಡಿದಳು ಅಂತ ಬರೆದಿದ್ದೆ.

"ಅತ್ಗೆ, ಅಲ್ಲಿ ಆಟೋ ಎಲ್ಲದೆ? ನಂಜನಗೂಡ್ ಬಸ್‌ಸ್ಟ್ಯಾಂಡ್ ಅನ್ಕಂಡಿದ್ದೀಯಾ?" ಅಂತ ನಗಾಡಿದ.

"ಸರಿ, ಟ್ಯಾಕ್ಸಿ ಹತ್ತಿಸ್ತೀನಿ. ನಗೋದು ಬುಡು."

ಇನ್ನು ಕಥೆಯ ಶತ್ರು. ಅವನು ತನ್ನ ಹೆಂಡತಿಯನ್ನು ನರಸೀಪುರದ ಸಂಗಮದಲ್ಲಿ ಮುಳುಗಿಸಿ ಕೊಂದವನು. ಅದಕ್ಕೆ ಎರಡು ದಿನ ಮೊದಲು ಆ ಹೆಣ್ಣುಮಗಳು, ಮೈಮೇಲೆ ಬರೆ ಹೊತ್ತುಕೊಂಡು, ದೂರು ಕೊಡಲು ಠಾಣೆಗೆ ಬಂದಿದ್ದಳು. ಅವತ್ತು ಮೇಜಿನ ಹಿಂದೆ ಇದ್ದವಳು ನಮ್ಮ ಹೆಡ್ಡಮ್ಮ. ಆಗ ಇನ್ನೂ ಬರೀ ಕಾನ್‌ಸ್ಟೇಬಲ್ಲು. ನೀರು ಕೊಟ್ಟಳು, ಕಣ್ಣೊರೆಸಿದಳು, "ಹೊಂದಿಕೊಂಡು ಹೋಗವ್ವ, ಗಂಡ ಅಂದ್ಮೇಲೆ ಒಂದು ಮಾತು ಬರ್ತದೆ" ಅಂತ ವಾಪಸ್ಸು ಕಳಿಸಿದಳು. ಮೂರನೇ ದಿನ ಹೆಣ ಸಿಕ್ಕಿತು. ಗಂಡ ಸಿಗಲಿಲ್ಲ.

ಈ ಭಾಗ ಹೇಳಿದ್ದು ಒಂದು ಸಂಜೆ. ಒಬ್ಬಳು ಕ್ಯಾನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಅಲ್ಲಿದ್ದವರಲ್ಲಿ ಒಂದಲ್ಲ ಒಂದು ಸಲ ಆ ಮಾತನ್ನು ಯಾರಿಗಾದರೂ ಹೇಳದವರು ಯಾರು? ನಾನೂ ಹೇಳಿದ್ದೇನೆ, ಒಡಹುಟ್ಟಿದ ತಂಗಿಗೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಲಿಲ್ಲ, ಬಿಟ್ಟು ಬಂದು ಟೈಲರಿಂಗ್ ಮಾಡಿಕೊಂಡು ಬದುಕಿದ್ದಾಳೆ. ಡೈರಿ ಸೆಕ್ರೆಟರಿ ಒಳಗಿಂದ ತಲೆ ಹೊರಹಾಕಿ "ಯಾಕ್ರವ್ವಾ ಇವತ್ತು ಇಷ್ಟು ಸದ್ದಿಲ್ಲ, ಯಾರಾದ್ರೂ ತೀರೋದ್ರಾ?" ಅಂದ.

"ತೀರೋದ್ಲು ಕಣಪ್ಪ, ನೀನು ಹಾಲು ಅಳಿ" ಅಂದಳು ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡವ್ವ.

ಶತ್ರು ಮಸ್ಕತ್‌ನಲ್ಲಿ ಹೆಸರು ಬದಲಾಯಿಸಿ, ಗಡ್ಡ ಬಿಟ್ಟು, ಹೈದರಾಬಾದಿನವನು ಅಂತ ಹೇಳಿಕೊಂಡು ದೊಡ್ಡ ಮನುಷ್ಯನಾಗಿದ್ದಾನೆ. ಹೆಡ್ಡಮ್ಮ ಅವನನ್ನು ಗುರುತಿಸುವುದು ಹೇಗೆ? ಅವನ ಬೆರಳಚ್ಚು ಒಂದು ಹಳೇ ಹೊಡೆದಾಟದ ಫೈಲಿನಲ್ಲಿದೆ, ನಿಜ. ಆದರೆ ಮಸ್ಕತ್‌ನಲ್ಲಿರುವವರೆಲ್ಲರ ಬೆರಳು ಒತ್ತಿಸಿಕೊಳ್ಳಲು ಆಗುತ್ತದೆಯೇ? ಇವನೇ ಅಂತ ಮೊದಲು ಮನಸ್ಸಿಗೆ ಬರಬೇಕಲ್ಲ. ಇಲ್ಲಿ ನನ್ನ ಪೆನ್ನು ಒಂದು ತಿಂಗಳು ನಿಂತುಹೋಯಿತು. ಬಿಡಿಸಿದ್ದು ದೊಡ್ಡವ್ವ.

"ಎಸ್ರು ಬದ್ಲಾಯ್ಸವ್ನೆ, ಗಡ್ಡ ಬುಟ್ಟವ್ನೆ. ಗಂಟ್ಲು ಬದ್ಲಾಯ್ಸಕಾದ್ದಾ? ಅವ್ನ ಮುಂದಕ್ಕೆ ಒಂದು ಮುದ್ದೆ ಇಕ್ಕು. ಅಗೀತಾನಾ ನುಂಗ್ತಾನಾ ನೋಡು."

ಸಾಲಿಗೆ ಸಾಲೇ "ಅಬ್ಬಬ್ಬಾ" ಅಂದಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಅದ್ದಿ, ನುಂಗುವುದು. ಚಿಕ್ಕಂದಿನಲ್ಲೇ ಗಂಟಲಿಗೆ ಹತ್ತಬೇಕಾದ ವಿದ್ಯೆ. ಮೈದುನನೂ ಸಾಕ್ಷಿ ಹೇಳಿದ. ಅವರ ರೂಮಿನಲ್ಲಿ ಶುಕ್ರವಾರ ಮುದ್ದೆ ಮಾಡಿದಾಗ ಕೇರಳದ ಗೆಳೆಯನೊಬ್ಬ ಅಗಿದು ಅಗಿದು, ಹಲ್ಲಿಗೆ ಮೆತ್ತಿಕೊಂಡು, ಸಾಯಂಕಾಲದವರೆಗೂ ಕನ್ನಡಿ ಮುಂದೆ ನಿಂತಿದ್ದನಂತೆ.

ಅದರಿಂದ ಕಾದಂಬರಿಯ ಒಳ್ಳೆಯ ಅಧ್ಯಾಯ ಹುಟ್ಟಿತು. ನಮ್ಮ ಕಡೆಯ ಕೆಲಸಗಾರರ ರೂಮು. ಹೆಡ್ಡಮ್ಮ ಊರಿಂದ ತಂದ ಹಿಟ್ಟಿನಲ್ಲಿ ಮುದ್ದೆ ತೊಳಸಿ, ಬಸ್ಸಾರು ಕಾಯಿಸಿದ್ದಾಳೆ. ಕಟ್ಟಡದ ಮಾಲೀಕ, ಆ ಹೈದರಾಬಾದಿ ಸಾಹುಕಾರ, ಸೋರುವ ನಲ್ಲಿ ನೋಡಲು ಬರುತ್ತಾನೆ. ಬಾಗಿಲಲ್ಲೇ ನಿಂತುಬಿಡುತ್ತಾನೆ. ಇಪ್ಪತ್ತೆರಡು ವರ್ಷ ಯಾವ ಪೊಲೀಸಿಗೂ ಸಿಗದ ಬುದ್ಧಿವಂತ. ಬಸ್ಸಾರಿನ ಒಗ್ಗರಣೆ ವಾಸನೆಗೆ ಕಾಲು ಕಟ್ಟಿತು. "ಒಂದು ತುತ್ತು ನೋಡಿ ಸಾಹುಕಾರ್ರೇ" ಅಂದರೆ ಬೇಡ ಅನ್ನಲು ಬಾಯಿ ಬರಲಿಲ್ಲ. ಕೂತ. ಮುರಿದ. ಅದ್ದಿದ. ದವಡೆ ಅಲ್ಲಾಡಲಿಲ್ಲ, ಗಂಟಲು ಮಾತ್ರ ಅಲ್ಲಾಡಿತು. ಹೆಡ್ಡಮ್ಮ ಅವನು ನೀರು ಕುಡಿದ ಸ್ಟೀಲ್ ಲೋಟವನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು.

ಇದನ್ನೇ ಪ್ರಕಾಶಕರು ತೆಗೆಯಿರಿ ಅಂದದ್ದು.

ನಮ್ಮ ಯಜಮಾನರಿಗೆ ಹೇಳಿದೆ. ಅವರು ಹುಲ್ಲು ಕತ್ತರಿಸುತ್ತಾ, "ಬದಲಾಯ್ಸು ಅತ್ಲಾಗೆ. ಅಚ್ಚಾಗಿ ಬಂದ್ರೆ ಸಾಕಲ್ವಾ? ಒಳಗೇನಿದ್ರೆ ಏನು" ಅಂದರು. ಕೆಟ್ಟ ಮನಸ್ಸಿನಿಂದಲ್ಲ, ನನ್ನ ಪುಸ್ತಕ ಅಚ್ಚಾಗಲಿ ಅಂತ ನನಗಿಂತ ಅವಸರ ಅವರಿಗೆ.

ಸುಳ್ಳು ಯಾಕೆ ಹೇಳಲಿ, ಬದಲಾಯಿಸಿದೆ. ಒಂದು ವಾರ ಕೂತು ಹೆಡ್ಡಮ್ಮನನ್ನು ಹೊಡೆದುಹಾಕಿ, ಬೆಂಗಳೂರಿನ ಹುಡುಗನೊಬ್ಬನನ್ನು ತಂದು ಕೂರಿಸಿದೆ. ಅವನಿಗೆ ಕಪ್ಪು ಕನ್ನಡಕ, ಚರ್ಮದ ಜಾಕೆಟ್ಟು. ಮಸ್ಕತ್ ಬಿಸಿಲಲ್ಲಿ ಚರ್ಮದ ಜಾಕೆಟ್ಟು! ಶತ್ರುವಿನ ಬಲಗೆನ್ನೆಗೆ ಗಾಯದ ಗುರುತು ಕೊಟ್ಟೆ. ಹುಡುಗ ದೂರದಿಂದಲೇ ಗುರುತು ನೋಡಿ ಹಿಡಿದ. ನೂರ ಎಂಬತ್ತು ಪುಟದ ಕಥೆ ತೊಂಬತ್ತಕ್ಕೆ ಮುಗಿಯಿತು.

ಡೈರಿಯಲ್ಲಿ ಓದಿದೆ. ನಾಲ್ಕನೇ ಸಾಲಿಗೇ ತಡೆ ಬಿತ್ತು.

"ಇವ್ನು ಯಾವನವ್ವಾ?" ಅಂದಳು ದೊಡ್ಡವ್ವ. "ಎಡ್ಡಮ್ಮ ಎಲ್ಲೋದ್ಲು?"

"ಅವಳಿಲ್ಲ ದೊಡ್ಡವ್ವ. ಈಗ ಇವನೇ."

"ಸತ್ತೋದ್ಲಾ?"

"ಇಲ್ಲ. ಅವಳು ಇರಲೇ ಇಲ್ಲ ಅಂತ ಬರೆದಿದ್ದೀನಿ."

ದೊಡ್ಡವ್ವ ಕ್ಯಾನು ಕೆಳಗಿಟ್ಟಳು. "ಅವ್ಳು ಇರ್ನಿಲ್ಲ ಅಂದ್ರೆ, ಆ ಎಣ್ಣು ಬಂದಾಗ ಒಂದ್ಕಂಡೋಗವ್ವ ಅಂದೋರ್ಯಾರು?"

ಹಿಂದಿನಿಂದ ಯಾರೋ "ಈ ಜಾಕೀಟಿನೋನು ಆವಾಗ ಇನ್ನೂ ತೊಟ್ಲಲ್ಲಿ ಇದ್ದ ಕಣಮ್ಮಿ, ಅವ್ನಿಗೇನು ನೋವು?" ಅಂದಳು. ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಜಾಕೆಟ್ಟಿನ ಹುಡುಗನ ತೊಂಬತ್ತು ಹಾಳೆಯನ್ನು ನೀರೊಲೆಗೆ ಹಾಕಿದೆ. ಒಂದು ಹಂಡೆ ನೀರು ಕಾಯುವಷ್ಟು ಉಪಯೋಗಕ್ಕೆ ಬಂದ, ಪಾಪ.

ಮಾರನೇ ವಾರ ಹಳೆಯ ಪ್ರತಿಯನ್ನೇ ಫೈಲಿಗೆ ಹಾಕಿಕೊಂಡು ಮೈಸೂರಿಗೆ ಹೋದೆ. ಪ್ರಕಾಶಕರು ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಸ್ತ್ರಿ ಮಾಡಿದ ಅಂಗಿ, ಅಳೆದು ತೂಗಿ ಆಡುವ ಮಾತು. ಫೈಲು ತಿರುವಿ, "ಏನೂ ಬದಲಾಗಿಲ್ಲವಲ್ಲಮ್ಮ?" ಅಂದರು.

"ಬದಲಾಯ್ಸಿದ್ದೆ ಸಾರ್. ಸುಟ್ಟಾಕ್ಬುಟ್ಟೆ."

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಈ ಮುದ್ದೆ ವಿಷಯ ನನಗೇ ಅರ್ಥವಾಗಲಿಲ್ಲ. ನಾವು ಬೆಂಗಳೂರಿನವರು. ನಮ್ಮ ಮನೆಗಳಲ್ಲಿ ಅದರ ಅಭ್ಯಾಸವೇ ಇಲ್ಲ. ನನ್ನಂಥ ಓದುಗರು ಎಷ್ಟು ಜನ ಇರ್ತಾರೆ ಹೇಳಿ."

ಊಟದ ಹೊತ್ತಾಗಿತ್ತು. "ಸಾರ್, ಊಟಕ್ಕೆ ಹೋಗೋಣ ಬನ್ನಿ, ನಾನು ಕೊಡಿಸ್ತೀನಿ" ಅಂದೆ. ಅವರು ಫೈಲು ಕಂಕುಳಲ್ಲಿಟ್ಟುಕೊಂಡೇ ಎದ್ದರು. ಅವರ ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಮೆಸ್ಸಿದೆ, ಬರುವಾಗ ಬೋರ್ಡು ನೋಡಿಕೊಂಡೇ ಬಂದಿದ್ದೆ. ಅವರು ಚಪಾತಿ ಅನ್ನುವಷ್ಟರಲ್ಲಿ ನಾನು "ಎರಡು ಮುದ್ದೆ ಊಟ" ಅಂದುಬಿಟ್ಟೆ. ಬೇಡ ಅನ್ನಲು ಅವರಿಗೆ ದಾಕ್ಷಿಣ್ಯ ಅಡ್ಡ ಬಂತು.

ಎಲೆಗೆ ಬಿಸಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ನಾನು ಪಕ್ಕದ ಮೇಜು ತೋರಿಸಿದೆ. "ಅಗೋ, ನೀಲಿ ಅಂಗಿಯವರು. ಚಮಚ ಕೇಳಿದ್ರು ನೋಡಿ, ಈ ಕಡೆಯವರಲ್ಲ. ಅವರ ಎದುರಿಗಿರೋರು ಅಗೀತಿದ್ದಾರೆ. ದೊಡ್ಡವರಾದ ಮೇಲೆ ಕಲಿತವರು. ಮೂಲೇಲಿರೋ ಅಜ್ಜ ನಮ್ಮೋರು."

"ಅಜ್ಜ ಹೇಗೆ ನಿಮ್ಮೋರು?" ಅನ್ನುತ್ತಾ ಪ್ರಕಾಶಕರು ಬೆರಳ ತುದಿಯಲ್ಲಿ ಒಂದು ಚೂರು ಮುರಿದರು. ಮಾತಾಡುತ್ತಲೇ ಉರುಟು ಮಾಡಿದರು. ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಿ, ಸಾರು ತುಂಬಿಸಿ, ಬಾಯಿಗಿಟ್ಟರು.

ನಾನು ಅವರ ಕತ್ತು ನೋಡುತ್ತಿದ್ದೆ.

"ಸಾರ್, ನಿಮ್ಮ ಊರು ಯಾವುದು?"

"ಹೇಳಿದೆನಲ್ಲ, ಬೆಂಗ..." ಅಂದವರು ತಮ್ಮ ಕೈ ತಾವೇ ನೋಡಿಕೊಂಡರು. ಇನ್ನೊಂದು ತುತ್ತು ಉರುಟಾಗಿ ರೆಡಿಯಾಗಿತ್ತು. ಮುಖಕ್ಕೆ ರಕ್ತ ಏರಿತು. ಆಮೇಲೆ ಆ ಮನುಷ್ಯ ನಕ್ಕರು ನೋಡಿ, ಇಡೀ ಮೆಸ್ಸು ತಿರುಗಿ ನೋಡುವ ಹಾಗೆ.

"ತಾಯಿ ಊರು ಕಳಲೆ, ನಿಮ್ಮ ನಂಜನಗೂಡಿನ ಪಕ್ಕ. ಏಳನೇ ಕ್ಲಾಸ್ ತನಕ ಅಜ್ಜಿ ಮನೇಲೇ ಇದ್ದೆ" ಅಂದರು. ಮಾತು ಸಹ ಇಸ್ತ್ರಿ ಬಿಟ್ಟಿತು. "ಸಿಗಾಕಿಸ್ಬುಟ್ಟಲ್ಲ ಕಣವ್ವ! ನಮ್ಮ ಮನೆಯೋರಿಗೂ ನಾನು ಹಿಂಗೆ ತಿಂತೀನಿ ಅಂತ ಗೊತ್ತಿಲ್ಲ."

ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನನ್ನ ಕಥೆ ಗೆದ್ದಿತು ಅಂತಲೇ ನಾನು ಅಂದುಕೊಂಡೆ. ಕೈ ತೊಳೆದು ಬಂದು, ಕರ್ಚೀಫಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಅವರು ಅಂದರು: "ಆಯ್ತು. ಮುದ್ದೆ ಇರ್ಲಿ. ಆದ್ರೆ ಪತ್ತೇದಾರ ಹುಡುಗನೇ ಆಗ್ಬೇಕು. ಬೇಕಾದ್ರೆ ನರಸೀಪುರದ ಹುಡುಗ ಮಾಡಿ. ಮಂಡಿನೋವಿನ ಹೆಂಗಸಿನ ಚಿತ್ರ ಹಾಕಿದ ಪತ್ತೇದಾರಿ ಪುಸ್ತಕನ ಅಂಗಡಿಯೋರು ಎತ್ತೋದೇ ಇಲ್ಲ ಕಣಮ್ಮ. ನನಗೆ ಗೊತ್ತು ಆ ಬಾಜಾರು."

ನಾನು ದೊಡ್ಡವ್ವನ ಪ್ರಶ್ನೆಯನ್ನು ಅವರ ಮುಂದಿಟ್ಟೆ. "ಹಂಗಾದ್ರೆ ಸಾರ್, ಆ ಹೆಣ್ಣುಮಗಳು ಠಾಣೆಗೆ ಬಂದಾಗ ಹೊಂದಿಕೊಂಡು ಹೋಗವ್ವ ಅಂತ ಹೇಳಿ ಕಳಿಸಿದೋರು ಯಾರು?"

ಅವರು ಕರ್ಚೀಫು ಮಡಿಚಿ ಜೇಬಿಗೆ ಇಟ್ಟುಕೊಂಡರು.

"ಅವಳು ಮಸ್ಕತ್‌ಗೆ ಹೋಗೋದು ಅವನೊಬ್ಬನ್ನ ಹಿಡಿಯೋಕಲ್ಲ ಸಾರ್. ಆಡಿದ ಮಾತನ್ನ ವಾಪಸ್ ತಗೊಳ್ಳೋಕೆ. ಆ ಮಾತು ಹುಡುಗ ಆಡಿದ್ದಲ್ಲ. ನಾವು ಆಡಿದ್ದು."

"ನನಗೆ ಅರ್ಥವಾಗುತ್ತೆ" ಅಂದರು ಮೆಲ್ಲಗೆ. "ನನಗೆ ಅರ್ಥವಾದ್ರೆ ಅಂಗಡಿಯೋರಿಗೆ ಆಗ್ಬೇಕಲ್ಲ."

"ಅಂಗಡಿಯೋರಿಗೆ ಆಗೋದು ಬೇಡ. ಫೈಲು ಕೊಡಿ."

"ದುಡುಕ್ಬೇಡಿ. ಯೋಚನೆ ಮಾಡಿ. ಮತ್ತೆ ಇಂಥ ಅವಕಾಶ..."

"ಮೂರು ವರ್ಷ ಯೋಚನೆ ಮಾಡೇ ಬರೆದಿದ್ದು ಸಾರ್."

ಕೊಟ್ಟರು. ಮೆಸ್ಸಿನ ಮೆಟ್ಟಿಲು ಇಳಿದು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದೆ. ಧೈರ್ಯ ಅನ್ನುವುದು ಆಡುವಾಗ ಇರುತ್ತದೆ, ಆಡಿದ ಮೇಲೆ ಇಳಿದುಹೋಗುತ್ತದೆ. ಬಸ್ಸಿನಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಇಪ್ಪತ್ತು ವರ್ಷದ ಆಸೆಗೆ ನಾನೇ ಬಾಗಿಲು ಹಾಕಿ ಬಂದೆನೇನೋ ಅಂತ ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡೆ. ಕಣ್ಣಲ್ಲಿ ನೀರೂ ಬಂತು. ಪಕ್ಕದ ಸೀಟಿನಾಕೆ "ಯಾರಾದ್ರೂ ಆಸ್ಪತ್ರೇಲವ್ರಾ ಅಕ್ಕ?" ಅಂತ ಕೇಳಿದಳು. ಇಲ್ಲ, ಎಲ್ಲ ಆರಾಮಾಗಿದ್ದಾರೆ ಅಂದೆ. ಹಾಗೆ ಅಂದಾಗ ನನಗೇ ಕೇಳಿಸಿತು: ಎಲ್ಲರೂ ಆರಾಮಾಗಿದ್ದಾರೆ. ಹೆಡ್ಡಮ್ಮ ನನ್ನ ತೊಡೆಯ ಮೇಲೆ ಪೂರ್ತಿಯಾಗಿ, ಮಂಡಿನೋವಿನ ಸಮೇತ ಇದ್ದಾಳೆ. ಅಚ್ಚು ಹಾಕುವ ಮೆಷಿನ್ನು ಮೈಸೂರಿನ ಒಬ್ಬರ ಸ್ವತ್ತೇ?

ಊರಿಗೆ ಹೋಗುವ ಬಸ್ಸು ಹಿಡಿಯುವ ಬದಲು ನಂಜನಗೂಡಿನಲ್ಲೇ ಇಳಿದು, ಬಸ್‌ಸ್ಟ್ಯಾಂಡಿನ ಹತ್ತಿರದ ಡಿ.ಟಿ.ಪಿ. ಅಂಗಡಿಗೆ ಹೋದೆ. ಮದುವೆ ಕಾರ್ಡು, ಅರ್ಜಿ, ಜೆರಾಕ್ಸು ಮಾಡುವ ಚಿಕ್ಕ ಅಂಗಡಿ. ನಡೆಸುವವಳು ಮೂವತ್ತರ ಹೆಣ್ಣುಮಗಳು. ನೂರ ಎಂಬತ್ತು ಪುಟ ಟೈಪ್ ಮಾಡಿ, ಐವತ್ತು ಪ್ರತಿ ಬೈಂಡ್ ಮಾಡಿ ಕೊಡ್ತೀಯವ್ವಾ ಅಂದೆ. ಕೊಡ್ತೀನಿ ಆಂಟಿ, ಪುಸ್ತಕದ ಮೇಲೆ ಏನಂತ ಹಾಕ್ಲಿ ಅಂದಳು.

"ನನ್ನ ಹೆಸರು. ಪೂರ್ತಿ. ಕೆಳಗೆ ಪತ್ತೇದಾರಿ ಕಾದಂಬರಿ ಅಂತ."

"ಹೆಂಗಸ್ರು ಬರೆದ್ರೆ ಸಾಮಾಜಿಕ ಕಾದಂಬರಿ ಅಂತ ಹಾಕ್ತಾರೆ ಅಲ್ವಾ ಆಂಟಿ?"

"ಇದರಲ್ಲಿ ಕೊಲೆಗಾರ ಇದ್ದಾನೆ ಕಣವ್ವ. ಪತ್ತೇದಾರಿ ಅಂತಲೇ ಹಾಕು."

ದಿನಾ ಬೆಳಗಿನ ಹಾಲು ಹಾಕಿ, ಮನೆ ಕೆಲಸ ಮುಗಿಸಿ, ಬಸ್ಸಿಗೆ ಬಂದು ಅವಳ ಪಕ್ಕ ಸ್ಟೂಲಿನಲ್ಲಿ ಕೂತು ನನ್ನ ಅಕ್ಷರ ಓದಿ ಹೇಳುತ್ತಿದ್ದೆ. ಮೊದಲೆರಡು ದಿನ ಅವಳು ಮುಖದಲ್ಲಿ ಏನೂ ತೋರಿಸದೆ ಟಕಟಕ ಒತ್ತಿದಳು. ಮೂರನೇ ದಿನ ಆ ಹೆಣ್ಣುಮಗಳು ಠಾಣೆಗೆ ಬರುವ ಪುಟ. ಅವಳ ಬೆರಳು ನಿಂತಿತು. ಎದ್ದು ಹೋಗಿ ನೀರು ಕುಡಿದು ಬಂದು ಕೂತಳು. ಅವತ್ತಿನಿಂದ ನಾನು ಓದಿ ಹೇಳುವುದು ಅವಳಿಗೆ ಬೇಡವಾಯಿತು. ಹಾಳೆಗಳನ್ನು ತಾನೇ ಕಿತ್ತುಕೊಂಡು ಮುಂದೆ ಮುಂದೆ ಓದಿಕೊಂಡು, ಆಮೇಲೆ ಟೈಪ್ ಮಾಡತೊಡಗಿದಳು.

ಆರನೇ ದಿನ ಅಂಗಡಿಯಲ್ಲಿ ಜನ ಜಾಸ್ತಿ. ಆಧಾರ್ ಕಾರ್ಡು ಹಿಡಿದುಕೊಂಡು ನಾಲ್ಕೈದು ಮಂದಿ ಕೌಂಟರಿನಲ್ಲಿ ನಿಂತಿದ್ದರು. ಇವಳು ತಲೆ ಎತ್ತಲಿಲ್ಲ.

"ಏನಮ್ಮ, ಒಂದು ಜೆರಾಕ್ಸಿಗೆ ಎಷ್ಟೊತ್ತು? ನಮ್ಗೆ ತಾಲ್ಲೂಕ್ ಆಫೀಸ್ ಮುಚ್ಕಂಡೋಯ್ತದೆ!" ಅಂತ ಒಬ್ಬರು ಕೌಂಟರು ಬಡಿದರು.

"ಸ್ವಲ್ಪ ತಡೀರಿ ಸಾ" ಅಂದಳು, ಕಣ್ಣು ಹಾಳೆಯ ಮೇಲೇ ಇಟ್ಟು. "ಅವನು ಲೋಟ ಎತ್ತಿಕೊಳ್ತಾ ಇದಾನೆ."

"ಯಾವನು?"

"ಹೆಂಡತೀನ ಹೊಳೆಗೆ ತಳ್ಳಿದೋನು. ಈ ಆಂಟಿ ಅವನ್ನ ಇಪ್ಪತ್ತೆರಡು ವರ್ಷ ಆದ್ಮೇಲೆ ಮಸ್ಕತ್‌ಗೆ ಹೋಗಿ ಹಿಡೀತಾರೆ."

ಆಧಾರ್ ಕಾರ್ಡಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಾಲಿನ ಕಲೆಯ ಸೀರೆ, ಸ್ಟೂಲಿನ ಕೆಳಗೆ ಬಿಟ್ಟ ಹವಾಯಿ ಚಪ್ಪಲಿ.

"ನೀವಾ?" ಅಂದರು.

ಕಾದಂಬರಿಯೊಳಗಿನ ಹೆಡ್ಡಮ್ಮ ಅಂತ ತಿದ್ದಬಹುದಿತ್ತು. ತಿದ್ದಲಿಲ್ಲ.

"ಹ್ಞೂಂ, ನಾನೇ" ಅಂದೆ. "ನಿಂತ್ಕೊಳ್ಳಿ, ಇನ್ನು ಎರಡು ಪುಟ ಅದೆ."